ಲಕ್ಕಿ ಎಣ್ಣೆ, ಮಲ್ಲಿಗೆ ಮೊಗ್ಗು

ಹೂವಿನಹಡಗಲಿ
ಮಾರ್ಚ್ 3, 1981. ಮಧ್ಯಾಹ್ನ

ಹೂ ಕಟ್ಟಿ ಕಳಿಸಿದ್ದಾಯಿತು. ಇವತ್ತೂ ಪಂಪಮ್ಮ ನನಗಿಂತ ಮೊದಲು ಬುಟ್ಟಿ ಖಾಲಿ ಮಾಡಿದಳು. ಎದುರು ಮನೆಯವಳು, ಹೂ ಕಟ್ಟಲು ನಾನೇ ಕಲಿಸಿದವಳು. ನಿದ್ದೆ ಬಂತೇನಕ್ಕ ಅಂತ ನಕ್ಕಳು. ಹೌದು ಅಂದೆ. ನಿದ್ದೆಯಲ್ಲ — ಬೆರಳ ಗೆಣ್ಣು ಹಿಡಿದುಕೊಂಡಿವೆ. ಮಡಚಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಚುವುದಿಲ್ಲ.

ಯಾರಿಗೂ ಹೇಳಿಲ್ಲ. ಹೇಳಿದರೆ ಇವರು ಬಿಟ್ಟುಬಿಡು ಅಂತಾರೆ. ಇವರಿಗೇನು, ಕಿರಾಣಿ ಅಂಗಡಿಯಲ್ಲಿ ಕೂತು ಪೊಟ್ಟಣ ಕಟ್ಟುವವರು. ನಾಗಲಿಂಗಮ್ಮ ಅಂದರೆ ಈ ಊರಲ್ಲಿ ನಾಲ್ಕು ಜನಕ್ಕೆ ಗೊತ್ತಿರುವುದು ಹೂವಿನಿಂದ. ಅದೂ ಹೋದರೆ ನಾನು ಗುರುಸಂಗಪ್ಪನ ಹೆಂಡತಿ, ಅಷ್ಟೇ.

ಮಾರ್ಚ್ 6

ಬಸ್‌ಸ್ಟ್ಯಾಂಡ್ ಹತ್ತಿರ ನೋವಿನ ಮುಲಾಮು ತಂದೆ. ಪುಟ್ಟ ಡಬ್ಬಿ. ಹಚ್ಚಿದರೆ ಮೊದಲು ಉರಿ, ಆಮೇಲೆ ತಣ್ಣಗೆ, ಆಮೇಲೆ ಬೆರಳು ಹೇಳಿದ ಮಾತು ಕೇಳುತ್ತವೆ. ಇವರು ಮನೆಗೆ ಬಂದವರೇ ಮೂಗು ಎಳೆದು, ಯಾರಿಗೆ ನೆಗಡಿ ಅಂದರು. ನನಗೇ ಅಂದೆ.

ಮಾರ್ಚ್ 10

ಬೆಳಿಗ್ಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಸೋಪಿನಲ್ಲಿ ತೊಳೆದು ಹೂವಿಗೆ ಕೂರುತ್ತೇನೆ. ಪಂಪಮ್ಮನನ್ನು ಹಿಂದೆ ಹಾಕಿದೆ. ನಿದ್ದೆ ಬಂತೇನವ್ವ ಅಂತ ನಾನೇ ಕೇಳಿದೆ. ಬಹಳ ಖುಷಿ.

ಮಾರ್ಚ್ 14. ಸಂಜೆ

ಜಂಬಣ್ಣ ಮನೆಗೇ ಬಂದಿದ್ದರು. ನಮ್ಮ ಓಣಿಗೆ ಮೊಗ್ಗಿನ ಬುಟ್ಟಿ ಕಳಿಸಿ, ಕಟ್ಟಿದ ಹೂ ಬಸ್ಸಿಗೆ ಹಾಕುವ ವ್ಯಾಪಾರಿ. ಕೈಯಲ್ಲಿ ಬಾಡಿದ ಒಂದು ತುಂಡು ಹೂ. ತೆಲಿಗಿಯ ಮದುವೆಗೆ ಹೋಗಿದ್ದು. ಮದುಮಗಳ ಜಡೆಗೆ ಮುಡಿಸಿದರೆ ಆಸ್ಪತ್ರೆ ವಾಸನೆ ಬಂತಂತೆ. ಬಿಚ್ಚಿ ಬೇರೆ ಹೂ ಮುಡಿಸಿದರಂತೆ.

ಕಟ್ಟುವಾಗ ಮೊಗ್ಗಿಗೆ ಅಂಥ ವಾಸನೆ ಇರುವುದಿಲ್ಲ. ಒದ್ದೆ ಬಟ್ಟೆಯ ಕೆಳಗೆ ಅರಳಿದಾಗ ಮಲ್ಲಿಗೆ, ಮುಲಾಮು ಎರಡೂ ಜೊತೆಗೇ ಎದ್ದಿವೆ. ನನ್ನ ಮೂಗಿಗೆ ಮುಲಾಮು ಅಭ್ಯಾಸವಾಗಿತ್ತು, ತಿಳಿಯಲಿಲ್ಲ.

ಯಾರು ಕಟ್ಟಿದ್ದು ಅಂತ ಜಂಬಣ್ಣ ಕೇಳಲೇ ಇಲ್ಲ. ಬಾಳೆನಾರನ್ನು ಎರಡು ಸುತ್ತು ಸುತ್ತಿ ಬಿಗಿಯುವವಳು ಇಲ್ಲಿ ನಾನೊಬ್ಬಳೇ. ನನ್ನ ತವರು ಕೊಟ್ಟೂರಿನಲ್ಲಿ ಅವ್ವ ಕಲಿಸಿದ ಗಂಟು. ಪಂಪಮ್ಮನಿಗೆ ಹೇಳಿಕೊಟ್ಟರೂ ಬರಲಿಲ್ಲ. ಅದರ ಮೇಲೆ ಎಷ್ಟು ಜಂಭ ಇತ್ತು ನನಗೆ!

ಜಂಬಣ್ಣ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅಕ್ಕಾರ, ಕೈ ಆರಾಮ ಆಗೋತನಕ ಬುಟ್ಟಿ ಕಳ್ಸಾದಿಲ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ.”

ಮಾಡಿಕೊಂಡೆ.

ಮಾರ್ಚ್ 24

ಪೆನ್ನು ಹಿಡಿಯಲಾಗಲಿಲ್ಲ ಇಷ್ಟು ದಿನ. ಹಿಡಿದರೂ ಬರೆಯುವುದು ಏನು... ಎದುರಿಗೆ ಪಂಪಮ್ಮನ ಕಟ್ಟೆ, ಅವಳ ಬುಟ್ಟಿ. ಬಾಗಿಲು ಮುಂದೆ ಮಾಡಿಕೊಂಡು ಒಳಗೇ ಕೂರುತ್ತೇನೆ.

ಊಟಕ್ಕೆ ಕೂತಾಗ ಇವರು ಬಾಯಿ ಬಿಟ್ಟರು. ಹೋಗಲಿ ಬಿಡು, ಮನೆಯಲ್ಲಿ ಸುಮ್ಮನೆ ಇರು, ನಿನಗೇನು ಕಡಿಮೆಯಾಗಿದೆ ಅಂತ. ಸಿಟ್ಟು ನೆತ್ತಿಗೇರಿತು.

“ನಿಮಗ ಯಾರರ ಅಂಗಡಿ ಬಾಗ್ಲಾ ಹಾಕ್ಕೊಂಡು ಮನ್ಯಾಗ ಕೂಡು ಅಂದ್ರ ಏನ್ ಮಾಡ್ತೀರಿ?”

ರೊಟ್ಟಿ ಮುರಿದವರು ಬಾಯಿಗೆ ಇಡಲಿಲ್ಲ.

ಮಾರ್ಚ್ 26

ಪಂಪಮ್ಮ ಹಳ್ಳದ ಬದಿಯಿಂದ ಲಕ್ಕಿ ಸೊಪ್ಪು ತಂದಳು, ಒಂದು ಹೊರೆ. ಗೆಣ್ಣು ನೋವಿಗೆ ಇದೇ ಮದ್ದಂತೆ. ಅರೆದು ರಸ ಹಿಂಡಿ ಎಳ್ಳೆಣ್ಣೆಯಲ್ಲಿ ಕಾಸಿದೆವು. ಚಟಪಟ ನಿಂತ ಮೇಲೆ ಇಳಿಸಿದೆವು. ಮನೆಯೆಲ್ಲ ಘಾಟು. ಇದಕ್ಕೂ ವಾಸನೆ ಇದೆಯಲ್ಲೇ ಅಂದೆ. ಸಂಜೆ ತಿಕ್ಕಿಸಿಕೋ, ಬೆಳಿಗ್ಗೆ ಕಡಲೆಹಿಟ್ಟು ಹಚ್ಚಿ ತೊಳಿ ಅಂದಳು. ತೊಳೆದ ಮೇಲೆ ಮುಷ್ಟಿಯಲ್ಲಿ ಒಂದು ಮೊಗ್ಗು ಹಿಡಿದುಕೊಂಡು ಕೂರಬೇಕು, ಅದು ಅರಳಿದ ಮೇಲೆ ಅವಳು ಮೂಸಿ ನೋಡುತ್ತಾಳೆ. ನನ್ನ ಮೂಗನ್ನು ಇನ್ನು ನಂಬುವ ಹಾಗಿಲ್ಲ.

ಸರಿ, ತಿಕ್ಕುವವರು ಯಾರು? ಗೆಣ್ಣು ಗೆಣ್ಣಿಗೂ ಒತ್ತಿ ತಿಕ್ಕಬೇಕಂತೆ. ಕೆಟ್ಟ ಕೈ ಇನ್ನೊಂದು ಕೆಟ್ಟ ಕೈಯನ್ನು ಏನು ತಿಕ್ಕೀತು. ಸಂಜೆ ಪಂಪಮ್ಮನಿಗೆ ಮಕ್ಕಳ ಗದ್ದಲ.

ಮಾರ್ಚ್ 27

ನಿನ್ನೆ ಸಂಜೆ ಇವರು ತಾವೇ ಎಣ್ಣೆ ಬಟ್ಟಲು ತೆಗೆದುಕೊಂಡು ಎದುರಿಗೆ ಕೂತರು. ಪೊಟ್ಟಣ ಕಟ್ಟುವ ಬೆರಳಿಗೆ ಇಷ್ಟು ಬಲ ಇರುತ್ತದೆ ಅಂತ ಗೊತ್ತಿರಲಿಲ್ಲ. ಜೀವ ಹೋಯಿತು. ಮದುವೆ ದಿನ ಬಿಟ್ಟರೆ ಬೆಳಕಿನಲ್ಲಿ ನನ್ನ ಕೈ ಹಿಡಿದದ್ದು ಇದೇ ಮೊದಲಿರಬೇಕು. ಹಾಗಂತ ಅಂದೆ. ನಾಚಿಕೊಂಡರು, ಪುಣ್ಯಾತ್ಮ.

ಏಪ್ರಿಲ್ 4

ಬೆರಳು ಬಗ್ಗುತ್ತಿವೆ. ಮೊದಲಿನಷ್ಟಲ್ಲ. ಮೊಗ್ಗು ಮಾತ್ರ ದಿನಾ ಫೇಲು. ಪಂಪಮ್ಮ ಮೂಸುತ್ತಾಳೆ, ತಲೆ ಅಲ್ಲಾಡಿಸುತ್ತಾಳೆ. ಕಡಲೆಹಿಟ್ಟಿನ ಜೊತೆ ನಿಂಬೆಹಣ್ಣೂ ಹಚ್ಚಲು ಶುರು ಮಾಡಿದೆ.

ಏಪ್ರಿಲ್ 7. ಸಂಜೆ

ಮೇಷ್ಟ್ರ ಮನೆಯಿಂದ ಚಾಪುಡಿ ಪೊಟ್ಟಣ ವಾಪಸ್ ಬಂತಂತೆ. ಕುದಿಸಿದರೆ ಲಕ್ಕಿ ವಾಸನೆ. ಬೆಲ್ಲಕ್ಕೂ ಹಾಗೇ ಅಂತ ಇನ್ಯಾರೋ ಅಂದರಂತೆ. ಕಡಲೆಹಿಟ್ಟು ಹಚ್ಚಿ ಅಂದರೆ ಇವರು ನೀರಲ್ಲಿ ಕೈ ಅದ್ದಿ ಅಂಗಡಿಗೆ ಓಡುವವರು. ನನ್ನ ಹೂವಂತೂ ಹೋಯಿತು, ಈಗ ಇವರ ವ್ಯಾಪಾರ.

ನಾಳೆಯಿಂದ ತಿಕ್ಕುವುದು ಬೇಡ ಅಂದೆ. ಮನಸ್ಸಿನಿಂದ ಅಂದಿದ್ದಲ್ಲ.

“ಚಾಪುಡಿ ಗಿರಾಕಿ ತಾವ ತೂಗಿ ಹಾಕ್ಕೊಳ್ಳಲಿ,” ಅಂದರು. “ನೀ ಕೈ ಚಾಚು.”

ಒಲೆ ಹೊಗೆ ಅಂತ ಹೇಳಿ ಕಣ್ಣು ಒರೆಸಿಕೊಂಡೆ. ಒಲೆ ಹಚ್ಚಿರಲೇ ಇಲ್ಲ.

ಏಪ್ರಿಲ್ 12. ಸಂಜೆ

ಬೆಳಿಗ್ಗೆ ಪಂಪಮ್ಮ ಮೊಗ್ಗು ಮೂಸಿದಳು. ಇನ್ನೊಂದು ಸಲ ಮೂಸಿದಳು. ಜಡೆಗೆ ಸಿಕ್ಕಿಸಿಕೊಂಡು, ನೆಟ್ಟಗೆ ಜಂಬಣ್ಣನ ಮನೆಗೆ ನಡೆದಳು.

ಬುಟ್ಟಿ ಬಂತು, ಸಣ್ಣದು. ನಿಧಾನಕ್ಕೆ ಕಟ್ಟಿದೆ, ಎರಡು ಸುತ್ತಿನ ಗಂಟೇ. ಕಟ್ಟಿದ ಹೂ ಅರಳುವ ತನಕ ಜಂಬಣ್ಣ ನಮ್ಮ ಕಟ್ಟೆಯ ಮೇಲೇ ಕೂತಿದ್ದರು. ಮುಖ ಹುದುಗಿಸಿ ಮೂಸಿದರು. ನಾಳೆಗೆ ದೊಡ್ಡ ಬುಟ್ಟಿ ಕಳಿಸಲೇ ಅಂತ ಕೇಳಿದರು. ಸಣ್ಣದೇ ಸಾಕು ಅಂದೆ. ಪಂಪಮ್ಮ ಮುಂದೆ ಹೋಗಲಿ ಬಿಡು.

ಅದೇ ದಿನ. ರಾತ್ರಿ

ಇವರು ಬಂದರು. ಮೇಷ್ಟ್ರು ತಾವೇ ಚಮಚ ತಂದು ಚಾಪುಡಿ ಹಾಕಿಕೊಂಡು ಹೋದರಂತೆ. ನಗುತ್ತಾ ಹೇಳಿದರು. ಅಂಗಿಗೆಲ್ಲ ಲಕ್ಕಿ ವಾಸನೆ... ಇಡೀ ಊರಲ್ಲಿ ಇವರೊಬ್ಬರಿಗೇ ಇರುವುದು. ಎಣ್ಣೆ ಬೆಚ್ಚಗೆ ಮಾಡಿ ತಂದು ಕೂತಿದ್ದಾರೆ. ಬರೆದದ್ದು ಸಾಕು ಅಂತಾರೆ. ಎಡಗೈ ಕೊಟ್ಟಿದ್ದೇನೆ, ಅಷ್ಟರಲ್ಲಿ ಬಲಗೈ ಇನ್ನೊಂದು ಸಾಲು ಬರೆಯಲಿ ಅಂತ. ಈಗ ಅದನ್ನೂ ಕೇಳ್ತಿದಾರೆ. ಕೊಡ್ತೀನಿ ಅಂದೆ. ಇವರು ಪೆನ್ನು ಸಮೇತ ನನ್ನ ಕೈ ಹಿಡಿ—