ಹಿಂದಕ್ಕೆ ತಿರುಗಿಸಬಾರದ ಗಡಿಯಾರ

ಹೊಂಗನೂರು
ಭಾನುವಾರ, 9 ನವೆಂಬರ್ 2025

ಪ್ರೀತಿಯ ಧನುವಿನ ಅಪ್ಪನಿಗೆ,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತಾ? ಇಂಜಿನ್ ರೂಮಿನ ಸೆಖೆಯಲ್ಲಿ ನೀರು ಕುಡಿಯುವುದನ್ನು ನೀವು ಮರೆಯುತ್ತೀರಿ ಅಂತ ಗೊತ್ತು, ಅದಕ್ಕೇ ಶುರುವಿನಲ್ಲೇ ಬೈದುಬಿಡುತ್ತಿದ್ದೇನೆ. ಇಲ್ಲಿ ನಾವು ಚೆನ್ನಾಗಿದ್ದೇವೆ. ಅತ್ತೆಗೆ ಮಂಡಿ ಹಿಡಿದುಕೊಳ್ಳುತ್ತದೆ, ಆದರೂ ಸೊಪ್ಪು ಕೊಯ್ಯುವುದಕ್ಕೆ ಇನ್ನೊಬ್ಬರನ್ನು ಕರೆಯೋಣ ಅಂದರೆ ನನ್ನ ಮೇಲೇ ಕಣ್ಣು ಬಿಡುತ್ತಾರೆ. ಈಗ ಧನುವನ್ನು ಎತ್ತಿಕೊಂಡು ತೋಟದ ಕಡೆ ಹೋಗಿದ್ದಾರೆ. ಮನೆಯಲ್ಲಿ ನಾನು ಮತ್ತು ರೇಷ್ಮೆ ಹುಳು, ಇಷ್ಟೇ. ಹುಳು ಸೊಪ್ಪು ಮೇಯುವ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಫೋನಿರುವಾಗ ಕಾಗದ ಯಾಕೆ ಅಂತ ನಗಬೇಡಿ. ನಿಮ್ಮ ಹಡಗಿನ ನೆಟ್ಟು ಎರಡು ಮಾತಿಗೊಮ್ಮೆ ಕಡಿದುಹೋಗುತ್ತದೆ, ಹಿಡಿದಾಗ ಅತ್ತೆ ಪಕ್ಕದಲ್ಲೇ ಇರುತ್ತಾರೆ. ಕೊಚ್ಚಿಯಲ್ಲಿ ಹಡಗು ಹತ್ತುವ ಹೊಸಬರ ಕೈಲಿ ಕಾಗದ ಕಳಿಸಬಹುದು ಅಂತ ನಿಮ್ಮ ಏಜೆನ್ಸಿಯವರು ಹೇಳಿದರು. ನೀವು ಇಳಿಯುವ ಮುಂಚೆ ಇದು ನಿಮ್ಮ ಕೈ ಸೇರಲಿ ಅಂತಲೇ ಬರೆಯುತ್ತಿದ್ದೇನೆ.

ಹೋದ ಸಲ ಮಾತಾಡಿದಾಗ, ಬಂದ ಮಾರನೆಯ ದಿನವೇ ನಾವು ಮೂವರೇ ಊಟಿಗೆ ಹೋಗೋಣ, ರೂಮು ಹಿಡಿದಾಯಿತು ಅಂದಿರಿ. ನಾನು ಹೂಂ ಅಂದೆ. ಆಮೇಲೆ ಹಿತ್ತಲಿಗೆ ಹೋಗಿ ಕಲ್ಲಿನ ಮೇಲೆ ಕೂತುಬಿಟ್ಟೆ. ಆ ಮಾತಿಗೇ ಬರುತ್ತೇನೆ, ಆದರೆ ನೇರವಾಗಿ ಬರುವುದಕ್ಕೆ ಧೈರ್ಯ ಸಾಲದು. ಮೊದಲು ನಮ್ಮ ಕಂಪನಿಯ ಒಂದು ಕಥೆ ಕೇಳಿ. ಕಂಪ್ಯೂಟರ್ ಕಥೆ ಅಂತ ಪುಟ ತಿರುಗಿಸಿಬಿಡಬೇಡಿ.

ಹಾರೋಹಳ್ಳಿಯ ನಮ್ಮ ಫ್ಯಾಕ್ಟರಿಯಲ್ಲಿ ಎಲ್ಲರ ಹಾಜರಿ ಬರೆದುಕೊಳ್ಳುವುದು ಒಂದು ವರ್ಚುವಲ್ ಮಷಿನ್. ಅದಕ್ಕೆ ಸ್ವಂತ ಮೈಯಿಲ್ಲ. ಯಾವುದೋ ದೊಡ್ಡ ಸರ್ವರ್ ಒಳಗೆ ಬಾಡಿಗೆಗಿದ್ದ ಹಾಗೆ ಇರುತ್ತದೆ. ಹಳೆಯ ಸರ್ವರ್ ಸೋತಿತ್ತು, ಹೊಸದು ಬಂತು. ಗೇಟಿನಲ್ಲಿ ಜನ ಕಾರ್ಡ್ ಒತ್ತುವುದು ನಿಲ್ಲಬಾರದಲ್ಲ, ಅದಕ್ಕೆ ಓಡುತ್ತಿರುವ ಮಷಿನ್ನನ್ನು ಓಡುತ್ತಿರುವ ಹಾಗೇ ಹಳೆಯದರಿಂದ ಹೊಸದಕ್ಕೆ ಸಾಗಿಸಿದೆವು. ಕಣ್ಣು ಮಿಟುಕಿಸುವಷ್ಟು ಹೊತ್ತು ನಿಂತಿತು, ಮತ್ತೆ ಓಡಿತು. ತಾನು ಜಾಗ ಬದಲಾಯಿಸಿದ್ದು ಅದಕ್ಕೇ ಗೊತ್ತಾಗಲಿಲ್ಲ. ನಾನು ಖುಷಿಯಾಗಿ ಕಾಫಿ ಕುಡಿಯಲು ಹೋದೆ.

ಎಡವಟ್ಟಾಗಿದ್ದು ಅಲ್ಲೇ. ಸರ್ವರ್ ಒಳಗೆ ಒಂದೇ ಸಮನೆ ಎಣಿಕೆ ನಡೆಯುತ್ತಿರುತ್ತದೆ, ಇಷ್ಟು ಎಣಿಕೆಯಾದರೆ ಒಂದು ಸೆಕೆಂಡು ಅಂತ ಮಷಿನ್ ಲೆಕ್ಕ ಹಾಕಿಕೊಳ್ಳುತ್ತದೆ. ಹೊಸ ಸರ್ವರ್ ಬೇಗ ಬೇಗ ಎಣಿಸುವಂಥದ್ದು. ಪಾಪ, ಇದು ಹಳೆಯ ಮನೆಯ ಲೆಕ್ಕವನ್ನೇ ಹಿಡಿದುಕೊಂಡು ಕೂತಿತ್ತು. ಹೊರಗಿನ ಸರಿಯಾದ ಸಮಯ ಕೇಳಿಕೊಳ್ಳುವ ವ್ಯವಸ್ಥೆಯನ್ನು ಸಾಗಿಸುವಾಗ ನಿಲ್ಲಿಸಿದ್ದೆವು, ಮತ್ತೆ ಶುರು ಮಾಡಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದರ ಗಡಿಯಾರ ಅರ್ಧ ಗಂಟೆ ಮುಂದೆ ಹೋಗಿತ್ತು. ನನ್ನ ಜೊತೆ ಕೆಲಸ ಮಾಡುವ ಸಾದಿಕ್ ಅದನ್ನು ನೋಡಿದವನೇ, ಗೋಡೆ ಗಡಿಯಾರದ ಮುಳ್ಳು ತಿರುಗಿಸಿದ ಹಾಗೆ ಒಂದೇ ಏಟಿಗೆ ಹಿಂದಕ್ಕೆ ಎಳೆದುಬಿಟ್ಟ.

ಅದೇ ಹೊತ್ತಿಗೆ ಪ್ಯಾಕಿಂಗ್ ವಿಭಾಗದ ಇಕ್ರಾ ಊಟಕ್ಕೆ ಹೊರಗೆ ಹೋಗಿದ್ದಳು. ಚನ್ನಪಟ್ಟಣದ ಹುಡುಗಿ, ವ್ಯಾನಿನಲ್ಲಿ ನನ್ನ ಪಕ್ಕ ಕೂರುತ್ತಾಳೆ. ಅವಳು ಹೊರಗೆ ಹೋದದ್ದು ಮುಂದೋಡಿದ ಗಡಿಯಾರದಲ್ಲಿ, ಒಳಗೆ ಬಂದದ್ದು ಹಿಂದಕ್ಕೆ ಎಳೆದ ಗಡಿಯಾರದಲ್ಲಿ. ಹಾಗಾಗಿ ಬಂದ ಹೊತ್ತು ಹೋದ ಹೊತ್ತಿಗಿಂತ ಮುಂಚೆ ಅಂತ ದಾಖಲಾಯಿತು. ಸೂಪರ್‌ವೈಸರ್ ಲೆಕ್ಕ ನೋಡಿ, ಒಳಗೆ ಬಂದವಳು ಮತ್ತೆ ಹೊರಗೆ ಹೋಗಿ ವಾಪಸ್ಸೇ ಬಂದಿಲ್ಲ ಅಂತ ಗೈರುಹಾಜರಿ ಹಾಕಿದ. ಅವಳು ಅವನ ಎದುರಿಗೇ ನಿಂತಿದ್ದಳು! ನನ್ನ ಹತ್ತಿರ ಓಡಿ ಬಂದು, “ಅಕ್ಕ, ನಾನು ಊಟಕ್ಕೆ ಹೋಗೋಕ್ ಮುಂಚೇನೇ ಉಂಡು ಬಂದ್ಬುಟ್ಟಿದೀನಂತೆ ನೋಡಿ” ಅಂತ ನಕ್ಕಳು. ನಗುತ್ತಾ ನಗುತ್ತಾ ಅಳುವುದಕ್ಕೆ ಶುರು ಮಾಡಿದಳು. ಹಾಜರಿ ಸರಿಪಡಿಸಿಕೊಟ್ಟೆ. ಮುಂದಿನ ಸಲ ಸಾಗಿಸುವಾಗ ಹಳೆಯ ಎಣಿಕೆಯ ವೇಗವನ್ನು ಹೊಸ ಸರ್ವರ್‌ಗೆ ಮೊದಲೇ ಹೇಳಿಟ್ಟಿರಬೇಕು, ಹೋಗಿ ಇಳಿದ ತಕ್ಷಣ ಸರಿಯಾದ ಸಮಯ ಕೇಳಿಕೊಳ್ಳುವ ವ್ಯವಸ್ಥೆ ಎದ್ದಿರಬೇಕು ಅಂತ ನಿಯಮ ಮಾಡಿದೆ. ಅಷ್ಟಾದರೂ ತಪ್ಪಿದರೆ ಏಕಾಏಕಿ ಹಿಂದಕ್ಕೆ ಎಳೆಯಬಾರದು. ಅದನ್ನು ಒಸಿ ನಿಧಾನವಾಗಿ ಓಡಿಸುತ್ತಾ, ನಿಜವಾದ ಸಮಯ ಬಂದು ಅದನ್ನು ಸೇರುವವರೆಗೆ ಕಾಯಬೇಕು.

ಮನೆಗೆ ಬಂದು ಈ ಕಥೆಯನ್ನು ಅತ್ತೆಗೆ ಹೇಳಿದೆ. ಅವರಿಗೆ ಅರ್ಥವಾಗಿದ್ದು ಸೂಪರ್‌ವೈಸರ್ ಕೆಟ್ಟವನು ಅನ್ನುವುದು ಮಾತ್ರ. ಆದರೆ ಈ ಸಲದ ಹುಳುವಿನ ವಿಷಯದಲ್ಲಿ ನಾನೂ ಅಂಥದ್ದೇ ಅವಸರ ಮಾಡಿ ಅವರ ಕೈಲಿ ಬೈಸಿಕೊಂಡಿದ್ದೆ. ಮೊಟ್ಟೆಯೊಡೆಸಿ ಸಾಕಿಕೊಡುವ ಚಾಕಿಯವರು ಮರಿಹುಳುಗಳನ್ನು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡುವ ನಿದ್ದೆಯಲ್ಲಿದ್ದಾಗ, ತಂದು ಇಳಿಸುತ್ತಾರಲ್ಲ? ಮರುದಿನ ಅತ್ತೆ ಪೇಟೆಗೆ ಹೋಗಿದ್ದರು. ಕೆಲವು ಎದ್ದು ತಲೆ ಎತ್ತಿ ಹುಡುಕುತ್ತಿದ್ದವು. ಹಸಿದಿವೆ ಅಂತ ಸಂಕಟವಾಗಿ ಸೊಪ್ಪು ಉದುರಿಸಿಬಿಟ್ಟೆ. ಅತ್ತೆ ಬಂದು ನೋಡಿದವರೇ, “ಎದ್ದೋವ್ಕೆ ಆಕ್ಬುಟ್ರೆ ಏಳ್ದೇ ಇರೋವು ಏನ್ ಮಾಡ್ಬೇಕವ್ವಾ? ಎಲ್ಲಾ ಏಳೋಗಂಟ ತಡ್ಕೊಬೇಕು” ಅಂದರು. ಈಗ ಒಂದು ತಟ್ಟೆಯಲ್ಲೇ ದೊಡ್ಡವೂ ಚಿಕ್ಕವೂ ಸೇರಿಕೊಂಡಿವೆ. ಕೆಲವು ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಹತ್ತುವಾಗ ಇನ್ನು ಕೆಲವು ಮೇಯುತ್ತಾ ಇರುತ್ತವೆ. ದಿನಾ ಸೊಪ್ಪು ಹಾಕುವಾಗ ನನಗೆ ನೀವೇ ನೆನಪಾಗುತ್ತೀರಿ.

ಈಗ ಹೇಳುತ್ತೇನೆ. ನೀವು ಹೋಗುವಾಗ ಧನು ಆಗಷ್ಟೇ ಮಗುಚಿಕೊಳ್ಳುತ್ತಿದ್ದಳು. ನಿಮಗೆ ಅವಳು ಇನ್ನೂ ಅಲ್ಲೇ ಇದ್ದಾಳೆ. ಅಂಗೈಯಗಲದ ಬೂಟು ತೆಗೆದುಕೊಂಡಿದ್ದೇನೆ ಅಂತ ಕ್ಯಾಮೆರಾಗೆ ಹಿಡಿದು ತೋರಿಸಿದಿರಿ, ನಾನು ಚೆನ್ನಾಗಿದೆ ಅಂದೆ. ಅದು ಅವಳ ಕಾಲಿಗೆ ಹಿಡಿಸುವುದಿಲ್ಲ ರೀ. ಅವಳು ಅಂಗಳದ ತುಂಬ ಓಡುತ್ತಾಳೆ, ಕೋಳಿಯನ್ನು ಗದರಿಸುತ್ತಾಳೆ, ಅತ್ತೆಯ ಸೆರಗು ಬೆರಳಿಗೆ ಸುತ್ತಿಕೊಳ್ಳದೆ ನಿದ್ದೆ ಮಾಡುವುದಿಲ್ಲ. ಅಪ್ಪ ಅನ್ನುತ್ತಾಳೆ ಅಂತ ನೀವು ಹಿಗ್ಗಿದಿರಲ್ಲ, ಅವಳು ಅಪ್ಪ ಅನ್ನುವುದು ಫೋನಿಗೆ. ಫೋನನ್ನು ಚಾರ್ಜಿಗೆ ಹಾಕಿದರೆ “ಅಪ್ಪ ಮಮ್ಮು” ಅನ್ನುತ್ತಾಳೆ. ಅತ್ತೆ ನಗುತ್ತಾರೆ. ನಾನೂ ನಗುತ್ತೇನೆ, ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಳ್ಳುತ್ತೇನೆ.

ಅದಕ್ಕೇ ಬೇಡಿಕೊಳ್ಳುತ್ತೇನೆ, ಊಟಿ ಬೇಡ. ಬಂದ ಕೂಡಲೇ ಅವಳನ್ನು ಬಾಚಿ ಎತ್ತಿಕೊಳ್ಳಬೇಡಿ, ಕಿರುಚಿಬಿಡುತ್ತಾಳೆ, ನಿಮ್ಮ ಎದೆ ಒಡೆಯುತ್ತದೆ. ಜಗಲಿಯ ಮೇಲೆ ಸುಮ್ಮನೆ ಕೂತುಕೊಳ್ಳಿ. ಅವಳ ಕಡೆ ನೋಡದೆ ಕಡಲೆಪುರಿ ತಿನ್ನಿ. ಅವಳೇ ಬರುತ್ತಾಳೆ. ಯಾವತ್ತು ಅಂತ ಗೊತ್ತಿಲ್ಲ, ಆದರೆ ಬಂದೇ ಬರುತ್ತಾಳೆ. ಪಶ್ಚಿಮಕ್ಕೆ ಹೋಗುವಾಗ ನಿಮ್ಮ ಹಡಗಿನಲ್ಲಿ ಗಡಿಯಾರ ಹಿಂದಕ್ಕಿಟ್ಟು ಇನ್ನೊಂದು ಗಂಟೆ ನಿದ್ದೆ ಹೊಡೆಯುತ್ತೀರಿ ಅಂದಿದ್ದಿರಿ. ನಮಗೆ ಆ ಭಾಗ್ಯ ಇಲ್ಲ. ನೀವಿಲ್ಲದ ದಿನಗಳು ಇಲ್ಲಿ ನಡೆದುಹೋದವು.

ಅತ್ತೆ ಬರುತ್ತಿದ್ದಾರೆ, ಧನು ಗಲಾಟೆ ಕೇಳಿಸುತ್ತಿದೆ. “ನಮ್ಮ ಅಶ್ವಥಂಗೆ ಒಸಿ ಮೈ ನೋಡ್ಕೊ ಅಂತ ಬರಿ” ಅಂತ ಬೆಳಿಗ್ಗೆಯೇ ಹೇಳಿದ್ದರು, ಬರೆದಿದ್ದೇನೆ. ಅವರ ಆಶೀರ್ವಾದ ಈ ಕಾಗದದ ಜೊತೆಗಿದೆ. ಕ್ಷೇಮವಾಗಿ ದಡ ಸೇರಿ.

ನಿಮ್ಮ
ಶ್ವೇತ

ಮತ್ತೆ: ಲಕೋಟೆ ಅಂಟಿಸಿದ್ದನ್ನು ಬಿಚ್ಚಿ ಬರೆಯುತ್ತಿದ್ದೇನೆ. ಮೇಲೆ ಬರೆದದ್ದೆಲ್ಲ ಮಗುವಿನ ವಿಷಯ ಮಾತ್ರ ಅಂದುಕೊಳ್ಳಬೇಡಿ. ಊಟಿ ಅಂದಾಗ ಹೆದರಿದ್ದು ನಾನು. ಮಂಚದ ನಡುವೆ ಒಬ್ಬಳೇ ಮಲಗುವುದು ರೂಢಿಯಾಗಿದೆ. ಫೋನಿಲ್ಲದೆ ನಿಮ್ಮ ದನಿ ಹೇಗಿತ್ತು ಅಂತ ನೆನಪು ಮಾಡಿಕೊಂಡರೆ ಬರುತ್ತಿಲ್ಲ, ಎಷ್ಟೋ ದಿನದಿಂದ ಬರುತ್ತಿಲ್ಲ. ಜಗಲಿಯ ಮೇಲೆ ಕೂತು ಅವಳಿಗೆ ಕಾಯುವಾಗ ನನಗೂ ಒಸಿ ಕಾಯಿರಿ. ನಿಮ್ಮ ದಿಂಬನ್ನು ಅಟ್ಟದಿಂದ ಇಳಿಸಿ ಬಿಸಿಲಿಗೆ ಹಾಕಿದ್ದೇನೆ.