ಮುಂದಿನ ಚಕ್ರ ಗಾಲಿ

2 ಆಗಸ್ಟ್ 2009, ಭಾನುವಾರ, ಬೆಳಗ್ಗೆ 9

ಇನ್ನೂ ಬಂದಿಲ್ಲ. ಐದಕ್ಕೇ ಹೊರಟವರು. ಇಡ್ಲಿ ಆರಿಹೋಯಿತು. ಮತ್ತೆ ಬಿಸಿ ಮಾಡುವುದಿಲ್ಲ.

ವೆಸ್ಟ್ ಮಾಂಬಲಂನಿಂದ ತಿರುವಾನ್ಮಿಯೂರು, ಅಲ್ಲಿಂದ ಸಮುದ್ರದ ಪಕ್ಕದ ರಸ್ತೆ. ಪ್ರತಿ ಭಾನುವಾರ ಸೈಕಲ್ ಮೇಲೆ, ಅಣ್ಣ ಮತ್ತು ಅತ್ತಿಗೆ. ಮದುವೆಯಾಗಿ ಆರು ತಿಂಗಳು. ಒಂದು ಸಲವೂ ಅಣ್ಣ "ನೀನೂ ಬಾರೇ" ಎಂದಿಲ್ಲ. ಎಂದಿದ್ದರೆ ಬೇಡ ಎನ್ನುತ್ತಿದ್ದೆ. ಆ ಮಾತು ಬೇರೆ.

ಮಂಡ್ಯದಲ್ಲಿ ನನಗೆ ಸೈಕಲ್ ಕಲಿಸಿದ್ದೇ ಅವನು. ಪಂಕ್ಚರ್ ಆದರೆ ಇಬ್ಬರೂ ಬಚ್ಚಲ ಮುಂದೆ ಕೂರುತ್ತಿದ್ದೆವು. ಟ್ಯೂಬನ್ನು ಬಕೆಟ್ ನೀರಿಗೆ ಅದ್ದುವವನು ಅವನು, ಗುಳ್ಳೆ ಹುಡುಕುವವಳು ನಾನು. "ಸೀತೂ, ಎಲ್ಲೇ?" "ಇಲ್ಲಿ." ಒಂದಿಡೀ ಮಧ್ಯಾಹ್ನ ಹಾಗೇ ಕಳೆಯುತ್ತಿತ್ತು.

ಈಗ ಟ್ಯೂಬೇ ಇಲ್ಲ. ಅತ್ತಿಗೆಯ ಚಿಕ್ಕಪ್ಪ ಸಿಂಗಪುರದಿಂದ ಕಳಿಸಿದ ಮದುವೆ ಉಡುಗೊರೆ — ಎರಡು ಸೈಕಲ್, ಎರಡಕ್ಕೂ ಟ್ಯೂಬ್‌ಲೆಸ್ ಟೈರ್. ಒಳಗೆ ಗಾಳಿ, ಜೊತೆಗೆ ಅರ್ಧ ಲೋಟ ಬಿಳಿ ರಬ್ಬರ್ ದ್ರವ. ಅತ್ತಿಗೆ ಅದನ್ನು ಹಾಲು ಎನ್ನುತ್ತಾಳೆ. ಮುಳ್ಳು ಚುಚ್ಚಿದರೆ ಹಾಲೇ ಓಡಿಹೋಗಿ ತೂತು ಮುಚ್ಚುತ್ತದೆಯಂತೆ. ಯಾರೂ ಯಾರ ಪಕ್ಕದಲ್ಲೂ ಕೂರಬೇಕಾಗಿಲ್ಲ.

ಬಂದರು. ಮೆಟ್ಟಿಲ ಮೇಲೆ ನಗು.

9 ಆಗಸ್ಟ್, ಭಾನುವಾರ

ತಾರಸಿಯಲ್ಲಿ ಬಟ್ಟೆ ಹರವುತ್ತ ನೋಡಿದೆ. ಅತ್ತಿಗೆ ತನ್ನ ಚಕ್ರವನ್ನು ಕಿವಿಯ ಹತ್ತಿರ ಹಿಡಿದು ಅಲುಗಿಸಿದಳು. ಜುಳುಜುಳು ಎಂದರೆ ಹಾಲಿದೆ ಎಂದರ್ಥ, ಸದ್ದಿಲ್ಲದಿದ್ದರೆ ಒಣಗಿದೆ. ಈ ಊರಿನ ಸೆಕೆಗೆ ಎರಡು ತಿಂಗಳು ಬಾಳಿದರೆ ಹೆಚ್ಚು.

"ಗಾಲಿ," ಎಂದಳು. ಅಣ್ಣ ವಾಲ್ವಿನ ಮೂತಿ ಬಿಚ್ಚಿದ. ಅವಳು ಸಿರಿಂಜಿನಲ್ಲಿ ಹಾಲು ಬಿಟ್ಟಳು. ಗಾಳಿ ತುಂಬಿ, ಚಕ್ರವನ್ನು ಗರಗರ ತಿರುಗಿಸಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಮಲಗಿಸಿದರು, ಮಗುವನ್ನು ಮಲಗಿಸುವ ಹಾಗೆ. ಅವಳ ಕೆನ್ನೆಗೆ ಒಂದು ಹನಿ ಸಿಡಿಯಿತು. ಅಣ್ಣ ಒರೆಸಿದ.

ನಾನು ಅದೇ ಟವೆಲನ್ನು ಮೂರು ಸಲ ಹಿಂಡಿದೆ.

'ಗಾಲಿ' ಅವಳ ಮಾತು. ತಂದೆ ಕಿಟ್ಟಣ್ಣ ಕುಂದಾಪುರದ ಕಡೆಯವರು, ಇಲ್ಲೇ ಹೋಟೆಲು. ಅವಳು ಹುಟ್ಟಿ ಬೆಳೆದದ್ದು ಈ ತಮಿಳು ಊರಿನಲ್ಲೇ. ನಮ್ಮ 'ಖಾಲಿ' ತಮಿಳರ ಬಾಯಲ್ಲಿ ಗಾಲಿ ಆಗುತ್ತದೆ, ಅವಳ ಬಾಯಲ್ಲೂ. ಬಂದ ಹೊಸದರಲ್ಲಿ "ಸೀತಾ, ಸಕ್ಕರೆ ಗಾಲಿ" ಎಂದಾಗ, ಸಕ್ಕರೆಗೆಂಥ ಚಕ್ರ ಎಂದು ಡಬ್ಬ ಹಿಡಿದು ನಿಂತಿದ್ದೆ. ಈಗ ಅಭ್ಯಾಸವಾಗಿದೆ. ಒಂದೊಂದು ಮಾತೂ ಅರ್ಥವಾಗುತ್ತದೆ.

29 ಆಗಸ್ಟ್, ಶನಿವಾರ, ಸಂಜೆ 7

ಆಫೀಸಿನಲ್ಲಿ ಔಷಧಿ ಚೀಟಿಗಳ ಕನ್ನಡ ಪ್ರೂಫ್. 'ಹಾಲಿನೊಂದಿಗೆ ಸೇವಿಸಿ' ಎಂಬುದು 'ಹಾಳಿನೊಂದಿಗೆ' ಎಂದಿತ್ತು. ತಿದ್ದಿದೆ. ಮೇಡಂ ಮೆಚ್ಚಿದರು.

ಮನೆಗೆ ಬಂದಾಗ ಅತ್ತಿಗೆಯ ಫೋನು. ಹೋಟೆಲಿಗೆ ಮದುವೆ ಊಟದ ಆರ್ಡರ್ ಬಂದಿದೆ, ಇವತ್ತು ಅಪ್ಪನ ಮನೆಯಲ್ಲೇ ಉಳಿಯುತ್ತಾಳೆ, ಬೆಳಗ್ಗೆ ಅಲ್ಲಿಂದಲೇ ಸೈಕಲ್ ತರುತ್ತಾಳೆ. ಹಿಂದೆ ಪಾತ್ರೆಗಳ ಗಲಾಟೆ.

"ಸೀತಾ, ಕೇಳ್ತದಾ? ಇವರ ಸೈಕಲ್ ಮುಂದಿನ ಚಕ್ರ ಗಾಲಿ. ಬೆಳಗ್ಗೆ ಅಲ್ಲಾಡಿಸಿ ನೋಡಿದೆ. ಬಾಟಲಿ ಫ್ರಿಜ್ ಮೇಲೆ ಉಂಟು. ಬಂದ ಕೂಡ್ಲೇ ಹೇಳು, ಮರೀಬೇಡ ಮಾರಾಯ್ತಿ. ಇವರಿಗೆ ಫೋನ್ ಸಿಗ್ತಾ ಇಲ್ಲ."

ಅಣ್ಣ ಆರೂವರೆಗೆ ಬಂದ. ಶೂ ಬಿಚ್ಚುತ್ತ "ವೀಕ್ಷಾ ಏನಾದ್ರೂ ಅಂದ್ಲಾ?" ಎಂದ. ಒಳಗೆ ಕಾಲಿಡುವ ಮೊದಲೇ ಅವಳ ಹೆಸರು.

"ಮುಂದಿನ ಚಕ್ರ ಗಾಳಿ, ಅಂದ್ರು."

"ಅಷ್ಟೇನಾ?"

"ಅಷ್ಟೇ."

ಪಂಪ್ ಹಿಡಿದು ಕೆಳಗಿಳಿದ. ಹತ್ತು ಸಲ ಒತ್ತಿದ್ದು ಕೇಳಿಸಿತು. ಹಾಲಿನ ಬಾಟಲಿ ಫ್ರಿಜ್ ಮೇಲೆಯೇ ಇದೆ.

ದಾರಿಯಲ್ಲಿ ಒಂದು ಪಂಕ್ಚರ್ ಆಗಲಿ. ಒಂದು ಭಾನುವಾರ ಕೆಡಲಿ. ಅಷ್ಟೇ.

30 ಆಗಸ್ಟ್, ಬೆಳಗ್ಗೆ 11

ಅಣ್ಣ ಬಿದ್ದಿದ್ದಾನೆ. ನೀಲಾಂಕರೈ ಹತ್ತಿರ. ಆಸ್ಪತ್ರೆಯಿಂದ ಅತ್ತಿಗೆಯ ಫೋನು. ಮಾತಾಡುತ್ತಿದ್ದಾನಂತೆ... ಹೊರಟೆ.

5 ಸೆಪ್ಟೆಂಬರ್, ಶನಿವಾರ

ಎಡ ಮಣಿಕಟ್ಟು ಮುರಿದಿದೆ. ಆರು ವಾರ ಪ್ಲಾಸ್ಟರ್. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ತಿರುವಿನಲ್ಲಿ ಮೊಳೆ ಚುಚ್ಚಿದೆ. ಹಾಲಿದ್ದಿದ್ದರೆ ಮುಚ್ಚುತ್ತಿತ್ತು. ಗಾಳಿ ಒಂದೇ ಸಲಕ್ಕೆ ಹೋಗಿ ಟೈರ್ ರಿಮ್ಮಿನಿಂದ ಕಳಚಿಕೊಂಡಿತು. ಹಿಂದೆ ಬರುತ್ತಿದ್ದ ಬಸ್ಸು ಬ್ರೇಕ್ ಹಾಕಿತಂತೆ. ಇದನ್ನು ಅಣ್ಣ ನಗುತ್ತ ಹೇಳುತ್ತಾನೆ.

ಹೊರಡುವಾಗ ಅತ್ತಿಗೆ "ಹಾಕಿದ್ರಾ?" ಎಂದು ಕೇಳಿದ್ದಳಂತೆ. ಇವನು "ಹಾಕಿದೆ" ಎಂದನಂತೆ. ಅವಳು ಕೇಳಿದ್ದು ಹಾಲು, ಇವನು ಹೇಳಿದ್ದು ಗಾಳಿ.

ಸಂಜೆ ಕಿಟ್ಟಣ್ಣ ಬಂದರು, ಒಂದು ಡಬ್ಬ ಮೈಸೂರು ಪಾಕು ಹಿಡಿದು. "ಎಂತ ಮಾರಾಯ್ರೆ ಇದು! ಮೊಳೆ ತಾಗಿದ್ರೂ ಓಡ್ತದೆ ಅಂತಲ್ವಾ ಆ ಟೈರಿಗೆ ಅಷ್ಟು ದುಡ್ಡು!"

"ಟೈರಿನ ತಪ್ಪಲ್ಲ ಮಾವ, ನಿಮ್ಮ ಮಗಳ ಕನ್ನಡದ್ದು," ಎಂದ ಅಣ್ಣ. "ಹಾಲು ಖಾಲಿ ಅನ್ನೋಕೆ ಬರಲ್ಲ, ಗಾಳಿ ಗಾಳಿ ಅಂತಾಳೆ. ಒಂದಕ್ಷರಕ್ಕೆ ನನ್ನ ಕೈ ಹೋಯ್ತು. ಸೀತೂ ಹತ್ರ ಟ್ಯೂಷನ್ ಹಾಕಿಸ್ಬೇಕು."

ಎಲ್ಲರೂ ನಕ್ಕರು. ನಾನೂ ನಕ್ಕೆ. ಅತ್ತಿಗೆ ನನ್ನ ಮುಖ ನೋಡಿದಳು. ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆಗಲೇ ಹೇಳಬಹುದಿತ್ತು.

11 ಸೆಪ್ಟೆಂಬರ್, ಶುಕ್ರವಾರ

"ಟ್ಯೂಬೇ ವಾಸಿ ಕಣೇ," ಎಂದ ಅಣ್ಣ ಬೆಳಗ್ಗೆ. ಒಂದು ಕೈಯಲ್ಲಿ ಆಗುವುದಿಲ್ಲ, ನಾನೇ ಬೇಕು. ಆಫೀಸಿಗೆ ರಜೆ ಹಾಕಿದೆ.

ತಾರಸಿಯಲ್ಲಿ ನಾವಿಬ್ಬರೇ. ಅವನು ಹೇಳಿದಂತೆ ಮಾಡಿದೆ — ಮೂರು ಲಿವರ್ ಹಾಕಿ ಟೈರ್ ಕಳಚಿದೆ, ವಾಲ್ವ್ ಬಿಚ್ಚಿದೆ, ಹೊಸ ಟ್ಯೂಬ್ ಕೂರಿಸಿದೆ. ಟೈರಿನ ಒಳಮೈಯಲ್ಲಿ ಒಣಗಿದ ಹಾಲು, ಕೆನೆಯ ಹಾಗೆ. ಎಳೆದರೆ ಸುಲಿದು ಬಂತು.

"ನೋಡು, ಒಂದು ಹನಿ ಇಲ್ಲ," ಎಂದ. "ಇದನ್ನ ನೋಡಿಬಿಟ್ಟು ಗಾಳಿ ಹಾಕಿ ಅಂದ್ಲಲ್ಲ... ಸೈಕಲ್ ಎಲ್ಲ ಗೊತ್ತು ಅಂತ ಜಂಬ ಬೇರೆ."

ಆರು ತಿಂಗಳಿಂದ ಅವನ ಬಾಯಿಂದ ಕೇಳಬೇಕೆಂದಿದ್ದ ಮಾತು. ಕೇಳಿದೆ. ಕೈಗೆಲ್ಲ ರಬ್ಬರಿನ ಸಿಪ್ಪೆ ಅಂಟಿತ್ತು.

ಅತ್ತಿಗೆ ಈಗ ಮನೆಯಲ್ಲಿ ಕನ್ನಡ ಆಡುತ್ತಿಲ್ಲ. "ಹ್ಞೂಂ", "ಬೇಡ" — ಇಷ್ಟೇ. ಸಕ್ಕರೆ ಮುಗಿದರೆ ತಾನೇ ಹೋಗಿ ತರುತ್ತಾಳೆ.

13 ಸೆಪ್ಟೆಂಬರ್, ಭಾನುವಾರ, ಸಂಜೆ 5

ಅಣ್ಣ ಕೆಳಗಿನ ಬೀದಿಗೆ ಹೋಗಿದ್ದಾನೆ, ಕ್ಷೌರಕ್ಕೆ. ನಾನು ಒಗೆದ ಬಟ್ಟೆ ಮಡಿಸುತ್ತಿದ್ದೆ. ಅತ್ತಿಗೆ ಬಂದು ಎದುರಿಗೆ ಕೂತಳು. ಸೀರೆಯ ಇನ್ನೊಂದು ತುದಿ ಹಿಡಿದಳು.

"ಸೀತಾ, ನಾನು ಬಾಟಲಿ ಅಂದದ್ದು ನೆನಪುಂಟಾ?"

ನನ್ನ ಕಡೆಯ ತುದಿಯನ್ನು ಮಡಿಸಿದೆ.

"ಪ್ರೂಫ್ ನೋಡುವವಳು ನೀನು. ನಿಂಗೆ ತಪ್ಪು ಕೇಳ್ಲಿಕ್ಕೆ ಸಾಧ್ಯ ಇಲ್ಲ."

"ಅತ್ತಿಗೆ..."

"ಇವರಿಗೆ ಹೇಳ್ಲಿಲ್ಲ. ಹೇಳೂದೂ ಇಲ್ಲ. ನಿಂಗೆ ಇರೂದು ಒಬ್ಬನೇ ಅಣ್ಣ." ಮಡಿಕೆ ಸರಿಮಾಡಿದಳು. "ಆದ್ರೆ ನಾನು ಎಷ್ಟು ದಿನ ಹೆಡ್ಡಿ ಆಗಿರ್ಬೇಕು, ಅದು ಮಾತ್ರ ನೀನು ಹೇಳು."

ಎದ್ದು ಹೋದಳು. ಬೈದಿದ್ದರೆ ದ್ವೇಷಿಸಬಹುದಿತ್ತು. ಇದರಲ್ಲೂ ಅವಳೇ ಮೇಲು. ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ, ಛೆ.

ಹೇಳಿಬಿಡುತ್ತೇನೆ. ತಪ್ಪಾಗಿ ಕೇಳಿಸಿತು ಎಂದಲ್ಲ. ಬೇಕೆಂದೇ ಎಂದು. ಆಮೇಲೆ ಅವನು ಮಂಡ್ಯಕ್ಕೆ ಕಳಿಸಿದರೆ ಕಳಿಸಲಿ. ಮುಖ ನೋಡದಿದ್ದರೆ... ನೋಡದಿರಲಿ.

ಗೇಟಿನ ಸದ್ದು. ಬಂದ. ಅತ್ತಿಗೆ ಅಡುಗೆಮನೆಯಲ್ಲಿದ್ದಾಳೆ. ಅವಳಿಗೂ ಕೇಳಲಿ.

ಕರೆಯುತ್ತಿದ್ದಾನೆ. "ಸೀತೂ, ಕಾಫಿ ಕೊಡೇ."

ಅವಳನ್ನಲ್ಲ, ನನ್ನನ್ನು. ಹೀಗೆ ಕರೆದು ಎಷ್ಟು ತಿಂಗಳಾಯಿತು. ಇದೊಂದು ಲೋಟ ಕೊಟ್ಟು, ಪಕ್ಕದಲ್ಲಿ ಒಂದು ಗಳಿಗೆ ಕೂತು, ಆಮೇಲೆ —

ಇಲ್ಲ. ಕಾಫಿಗೆ ಮೊದಲೇ. ಈಗಲೇ ಎದ್ದು