ಟೈರ್ ಅಂಗಡಿಯ ಮೇಲಿನ ಆಮ್ಲೆಟ್

ಅಕ್ಕಾ,

ಸಿಕ್ಕಿಬಿಟ್ಟಿತು ಕಣೇ! ಪ್ರತಿ ಭಾನುವಾರ ಊರೆಲ್ಲ ಜಾಲಾಡಿದರೂ ನಮಗೆ ಸಿಗದ ಆಮ್ಲೆಟ್ ಟೈರ್ ಅಂಗಡಿಯ ಮಹಡಿಯ ಮೇಲಿನ ಹೋಟೆಲಿನಲ್ಲಿದೆ. ಅಂಚು ಗರಿಗರಿ, ಒಳಗೆ ಮೆತ್ತಗೆ. ಆಸ್ಪತ್ರೆಯ ಬ್ರೆಡ್ಡಿಗೂ ಅಂಕ ಕೊಟ್ಟೇ ಕಣ್ಣು ಮುಚ್ಚಿದವಳು ನೀನು. ಇದಕ್ಕೆ ಹತ್ತಕ್ಕೆ ಒಂಬತ್ತಾದರೂ ಕೊಡುತ್ತಿದ್ದೆ. ಪೂರ್ತಿ ಹತ್ತು ಕೊಡುವ ಪೈಕಿ ನೀನಲ್ಲ ಬಿಡು!

ಅರ್ಧ ತಿಂದು ತಟ್ಟೆ ಅದಲುಬದಲು ಮಾಡುವುದು ನಮ್ಮ ರೂಢಿಯಲ್ಲವೇ? ಇವತ್ತೂ ಅರ್ಧಕ್ಕೇ ತಟ್ಟೆಯನ್ನು ಎದುರಿಗೆ ತಳ್ಳಿಬಿಟ್ಟೆ. ಸಪ್ಲೈಯರ್ ಅದನ್ನು ಎತ್ತಿಕೊಂಡು ಹೊರಟೇಬಿಟ್ಟ.

"ಚೆನ್ನಾಗಿರ್ಲಿಲ್ವಾ ಮೇಡಂ?"

"ಅಯ್ಯೋ, ಸೂಪರಾಗಿತ್ತು! ಇನ್ನೊಂದು ತನ್ನಿ."

ಬಿಸಿಬಿಸಿಯಾಗಿ ಬಂತು. ಈ ಸಲ ತಟ್ಟೆ ತಳ್ಳಲಿಲ್ಲ. ಅರ್ಧ ತಿಂದು ಎದ್ದು, ಎದುರಿನ ಕುರ್ಚಿಗೆ ಹೋಗಿ ಕೂತು, ಉಳಿದರ್ಧ ಅಲ್ಲಿಂದ ತಿಂದೆ.

ನಿನ್ನ ಪರವಾಗಿ ಒಂಬತ್ತೇ ಕೊಟ್ಟಿದ್ದೇನೆ. ಸರಿ ತಾನೆ?